ಹಣತೆಯ ಬಾಯಿ ಮುಚ್ಚಿದ್ದು ಯಾಕೆ? – ಓದುಗರ ಪ್ರಶ್ನೆಗಳಿಗೆ ಉತ್ತರ

ದೀಪಾವಳಿ ಸಂಚಿಕೆಯ ಈ ಅಂಕಣದಲ್ಲಿ ಹಳೆಯ ಗ್ರೀಸಿನ ಮಣ್ಣಿನ ಹಣತೆಗಳ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅಥೆನ್ಸಿನ ಕುಂಬಾರರ ಕೇರಿಯ ಹೆಸರು ಕೆರಮೈಕೋಸ್, 'ಸೆರಾಮಿಕ್' ಎಂಬ ಮಾತಿಗೂ ಆ ಹೆಸರಿಗೂ ಒಂದೇ ಬೇರು ಎಂದಷ್ಟೇ ಹೇಳಿ ನಿಲ್ಲಿಸಿದ್ದೆ. ಅದಕ್ಕೆ ಬಂದ ಪತ್ರಗಳಲ್ಲಿ ಜಾಸ್ತಿ ನಮ್ಮ ಕಾಸರಗೋಡಿನ ಕಡೆಯವೇ. ಕನ್ನಡದಲ್ಲಿ ಹಣತೆ, ತುಳುವಿನಲ್ಲಿ ತುಡರ್, ಮಲಯಾಳದಲ್ಲಿ ಚಿರಾತ್ ಎಂದು ಒಂದೇ ಬೀದಿಯಲ್ಲಿ ಮೂರು ಹೆಸರಿನಿಂದ ಕರೆಯುವ ವಸ್ತು ಅದು. ನಮ್ಮವರಿಗೆ ಅದರ ಮೇಲೆ ಅಕ್ಕರೆ ಇರುವುದು ಸಹಜ. ಈ ಸಲದ ಪೂರ್ತಿ ಅಂಕಣ ಆ ಪತ್ರಗಳಿಗೇ.

ಪ್ರಶ್ನೆ: ಹಬ್ಬಕ್ಕೆ ತಂದ ಹಣತೆಗಳಿಂದ ಎಣ್ಣೆ ಜಿನುಗಿ ಜಗಲಿಯ ತುಂಬ ಕಲೆ ಆಯಿತು. ಗ್ರೀಕರ ಹಣತೆಗಳೂ ಹೀಗೆ ಜಿನುಗುತ್ತಿದ್ದವಾ? – ಓದುಗರೊಬ್ಬರು, ಬದಿಯಡ್ಕ

ಸುಟ್ಟ ಮಣ್ಣಿನ ತುಂಬ ಕಣ್ಣಿಗೆ ಕಾಣದ ತೂತುಗಳು. ನೀರಿನ ಮಡಕೆಗೆ ಅದೇ ಗುಣ, ಹಣತೆಗೆ ಅದೇ ದೋಷ. ಗ್ರೀಕರಿಗೂ ಈ ತೊಂದರೆ ಇತ್ತು. ಅವರು ಅದಕ್ಕೆ ಕಂಡುಕೊಂಡ ಉಪಾಯ ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಹೊರಗಿನಿಂದ ಏನನ್ನೂ ತರಲಿಲ್ಲ. ಅದೇ ಆವೆಮಣ್ಣನ್ನು ತುಂಬಾ ನೀರಿನಲ್ಲಿ ಕದಡಿ ಇಟ್ಟರು. ಮರಳು ಮತ್ತು ದಪ್ಪ ಕಣ ತಳದಲ್ಲಿ ಕೂತವು. ಮೇಲೆ ತೇಲುತ್ತಿದ್ದ ಅತಿ ನಯವಾದ ಮಣ್ಣನ್ನು ಮಾತ್ರ ಬಸಿದು ತೆಗೆದರು. ಅದನ್ನು ಒಣಗಿದ ಹಣತೆಯ ಒಳಗೂ ಹೊರಗೂ ಬಳಿದು ಸುಟ್ಟರು. ಹಣತೆಯ ಮೈಯೂ ಅದೇ ಮಣ್ಣು, ಬಳಿದದ್ದೂ ಅದೇ ಮಣ್ಣು. ಆದರೆ ಆವಿಗೆಯಿಂದ ಹೊರಗೆ ಬರುವಾಗ ಮೈ ಕೆಂಪು, ಬಳಿದ ಜಾಗ ಕನ್ನಡಿಯಂತೆ ಹೊಳೆಯುವ ಕಪ್ಪು!

ಗುಟ್ಟು ಇರುವುದು ಬೆಂಕಿಯಲ್ಲಿ. ಮೊದಲು ಗಾಳಿ ಚೆನ್ನಾಗಿ ಆಡುವಂತೆ ಉರಿ ಹಾಕುತ್ತಿದ್ದರು. ಆಗ ಎಲ್ಲವೂ ಕೆಂಪಾಗುತ್ತದೆ. ಶಾಖ ಸುಮಾರು 900 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ಗಾಳಿಯ ಬಾಯಿಗಳನ್ನು ಮುಚ್ಚಿ, ಹಸಿ ಕಟ್ಟಿಗೆ ತುರುಕಿ, ಒಳಗೆ ಹೊಗೆ ಕಟ್ಟುತ್ತಿದ್ದರು. ಉಸಿರು ಸಿಗದ ಆ ಬೆಂಕಿ ಮಣ್ಣಿನ ಕಬ್ಬಿಣದಿಂದಲೇ ಆಮ್ಲಜನಕ ಕಿತ್ತುಕೊಳ್ಳುತ್ತದೆ. ಎಲ್ಲವೂ ಕಪ್ಪಾಗುತ್ತದೆ. ಅದೇ ಹೊತ್ತಿಗೆ ನಯವಾದ ಲೇಪ ಬೆಸೆದುಕೊಂಡು ಗಾಜಿನಂತೆ ಬಿಗಿಯಾಗುತ್ತದೆ. ಕೊನೆಗೆ ಮತ್ತೆ ಗಾಳಿ ಬಿಟ್ಟರೆ, ತೂತುಗಳಿರುವ ಮೈ ಗಾಳಿ ಕುಡಿದು ಕೆಂಪಿಗೆ ಮರಳುತ್ತದೆ. ಬಿಗಿದ ಲೇಪದೊಳಗೆ ಗಾಳಿ ಹೋಗುವುದಿಲ್ಲ. ಅದು ಕಪ್ಪಾಗಿಯೇ ಉಳಿಯುತ್ತದೆ. ಗಾಳಿ ಹೋಗದ ಕಡೆ ಎಣ್ಣೆಯೂ ಹೋಗುವುದು ಕಷ್ಟ, ಅಲ್ವಾ?

ನನ್ನ ತವರುಮನೆ ನೀರ್ಚಾಲಿನ ಹತ್ತಿರ. ಗದ್ದೆ ದಾಟಿದರೆ ಕುಂಬಾರರ ಮನೆ. ಮೀನಿನ ಸಾರಿಗೆ ಕಪ್ಪು ಮಡಕೆ ಬೇಕೆಂದರೆ ಆ ಮನೆಯವರು ಆವಿಗೆಯ ಮೇಲೆ ಹಸಿ ಸೊಪ್ಪು ಹೊದಿಸಿ, ಕೆಸರು ಮೆತ್ತಿ, ಒಂದು ಬಿರುಕೂ ಇಲ್ಲದಂತೆ ಮುಚ್ಚುತ್ತಿದ್ದರು. 'ಹೊಗೆ ಕುಡಿಸಿದ್ದೇವೆ' ಎನ್ನುತ್ತಿದ್ದರು. ಗ್ರೀಕರ ಎರಡನೆಯ ಹಂತ ಅದೇ. ಮೂರನೆಯ ಹಂತ ಮಾತ್ರ ನಮ್ಮ ಆ ಮನೆಯಲ್ಲಿ ಇರಲಿಲ್ಲ. ಗ್ರೀಕರು ಶಾಖ ಅಳೆಯುವ ಸಾಧನ ಯಾವುದೂ ಇಲ್ಲದೆ ಇದನ್ನೆಲ್ಲ ಮಾಡಿದರು.

ನಿಮ್ಮ ಜಗಲಿಗೆ ಸುಲಭದ ಉಪಾಯ ಹೇಳುತ್ತೇನೆ. ಹಣತೆಗಳನ್ನು ಹಿಂದಿನ ರಾತ್ರಿಯೇ ನೀರಿನಲ್ಲಿ ಮುಳುಗಿಸಿಡಿ. ಬೆಳಿಗ್ಗೆ ತೆಗೆದು, ಮೇಲಿನ ನೀರು ಆರಿದ ಮೇಲೆ ಸಂಜೆ ಎಣ್ಣೆ ಹಾಕಿ. ತೂತುಗಳಲ್ಲಿ ನೀರು ಕೂತಿರುವುದರಿಂದ ಎಣ್ಣೆ ಇಳಿಯುವುದು ಕಡಿಮೆಯಾಗುತ್ತದೆ. ಕೆಳಗೆ ಒಂದು ತುಂಡು ಬಾಳೆಲೆ ಇಟ್ಟರೆ ಇನ್ನೂ ಒಳ್ಳೆಯದು.

ಪ್ರಶ್ನೆ: ಪಾಠಪುಸ್ತಕದ ಚಿತ್ರದಲ್ಲಿ ಗ್ರೀಕ್ ದೀಪ ಮುಚ್ಚಳ ಹಾಕಿದ ಪುಟ್ಟ ಕೆಟಲ್ ತರ ಇದೆ. ನಮ್ಮ ಹಣತೆ ತೆರೆದ ಬಟ್ಟಲು. ಯಾಕೆ ಈ ವ್ಯತ್ಯಾಸ? – ವಿದ್ಯಾರ್ಥಿನಿ, ಹೊಸದುರ್ಗ

ತುಂಬಾ ಒಳ್ಳೆಯ ಪ್ರಶ್ನೆ ಮಗಳೇ. ಅವರದೂ ಮೊದಲು ತೆರೆದ ಬಟ್ಟಲೇ ಆಗಿತ್ತು. ನೀನು ನೋಡಿದ ರೂಪಕ್ಕೆ ಬರಲು ಮುನ್ನೂರು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಕ್ರೀಟ್ ದ್ವೀಪದ ಅರಮನೆಗಳಲ್ಲಿ ಕಲ್ಲಿನ ದೀಪ, ಮಣ್ಣಿನ ದೀಪ ಎರಡೂ ಬಹಳ ಹಿಂದೆಯೇ ಇದ್ದವು. ಕ್ರಿ.ಪೂ. 1200ರ ಸುಮಾರಿಗೆ ಗ್ರೀಸಿನ ಅರಮನೆಗಳ ಕಾಲವೂ ಮುಗಿಯಿತು. ಆಮೇಲೆ ಕೆಲವು ನೂರು ವರ್ಷ ಗ್ರೀಸಿನಲ್ಲಿ ಎಣ್ಣೆದೀಪ ಕಾಣಸಿಗುವುದೇ ಅಪರೂಪ. ಹೋಮರನ ಕಾವ್ಯದಲ್ಲಿ ದೊರೆಗಳ ಮನೆಗೂ ಪಂಜಿನ ಬೆಳಕು, ಬೆಂಕಿಕುಂಡದ ಬೆಳಕು. ಎಣ್ಣೆದೀಪ ಬರುವುದು ಒಂದೇ ಕಡೆ, ಅಥೀನಾ ದೇವಿಯ ಕೈಯಲ್ಲಿ. ಅದೂ ಚಿನ್ನದ್ದು. ಇದನ್ನು ಓದಿದಾಗ ನನಗೆ ನಮ್ಮ ಸೂಟೆ ನೆನಪಾಯಿತು. ರಾತ್ರಿಯಿಡೀ ಯಕ್ಷಗಾನದ ಆಟ ನೋಡಲು ಹೋಗುವಾಗ ಅಪ್ಪ ಒಣಗಿದ ತೆಂಗಿನ ಗರಿಯ ಸೂಟೆ ಬೀಸುತ್ತ ಮುಂದೆ ನಡೆಯುತ್ತಿದ್ದರು. ಕಿಡಿ ಹಾರಿ ತೋಟದ ಕಾಲುದಾರಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಮಾಯವಾಗುತ್ತಿತ್ತು. ಬೀಸಿದಷ್ಟು ಹೊತ್ತು ಬೆಳಕು, ಅಷ್ಟೇ.

ಕ್ರಿ.ಪೂ. 7ನೇ ಶತಮಾನದಲ್ಲಿ ಅಥೆನ್ಸಿಗೆ ಹಣತೆ ಬಂತು. ಸಮುದ್ರದಾಚೆಯ ಪೂರ್ವ ತೀರದಲ್ಲಿ ಫಿನೀಷಿಯನ್ನರ ಹತ್ತಿರ ಇದ್ದಂಥ ಮಾದರಿ. ಅಗಲ ಬಟ್ಟಲು, ಅಂಚನ್ನು ಬೆರಳಲ್ಲಿ ಚಿವುಟಿ ಬತ್ತಿಗೆ ಮಾಡಿದ ಜಾಗ. ನಮ್ಮ ಹಣತೆಯ ಖಾಸಾ ಅಕ್ಕ ಎನ್ನಬಹುದು. 6ನೇ ಶತಮಾನದಲ್ಲಿ ಬತ್ತಿಯ ತೂತಿಗೂ ಬಟ್ಟಲಿನ ಬಾಯಿಗೂ ನಡುವೆ ಮಣ್ಣಿನ ಒಂದು ಕಿರುಸೇತುವೆ ಬಂತು. ಬಟ್ಟಲನ್ನು ತಿಗರಿಯ ಮೇಲೆ ತಿರುಗಿಸಿ ತೆಗೆಯುತ್ತಿದ್ದರು. ಮೂತಿಯನ್ನು ಕೈಯಲ್ಲಿ ಬೇರೆಯೇ ಮಾಡಿ ಅಂಟಿಸಿ, ತೂತು ಕೊರೆಯುತ್ತಿದ್ದರು. 5ನೇ ಶತಮಾನದಲ್ಲಿ ಬಟ್ಟಲಿನ ಅಂಚು ಒಳಗೆ ಬಾಗುತ್ತ ಹೋಯಿತು. 4ನೇ ಶತಮಾನ ಮುಗಿಯುವಾಗ ಅದು ಗುಂಡನೆಯ ಮುಚ್ಚಿದ ಕುಡಿಕೆ. ಮೇಲೆ ಎಣ್ಣೆ ಹೊಯ್ಯಲು ಸಣ್ಣ ತೂತು, ಉದ್ದ ಮೂತಿಯ ತುದಿಯಲ್ಲಿ ಬತ್ತಿಗೆ ಇನ್ನೊಂದು. ಕೆಲವಕ್ಕೆ ಪಕ್ಕದಲ್ಲಿ ತೂತಿನ ಕಿವಿಯೂ ಇತ್ತು.

ಯಾಕೆ ಮುಚ್ಚಿದರು? ನನ್ನ ಪ್ರಕಾರ ಉತ್ತರ ಒಂದೇ: ಎಣ್ಣೆ ಉಳಿಸಲು. ಅವರು ಉರಿಸುತ್ತಿದ್ದದ್ದು ಆಲಿವ್ ಎಣ್ಣೆ. ಊಟಕ್ಕೂ ಅದೇ, ಮೈಗೆ ಹಚ್ಚಲೂ ಅದೇ, ದೀಪಕ್ಕೂ ಅದೇ. ತುಳುಕಿದ ಒಂದೊಂದು ಹನಿಯೂ ಅಡುಗೆಮನೆಯಿಂದ ಹೋದ ಹಾಗೆ. ಕ್ರಿ.ಪೂ. 423ರಲ್ಲಿ ಆಡಿದ ಅರಿಸ್ಟೋಫೇನಸನ ಒಂದು ನಾಟಕದ ಮೊದಲಲ್ಲೇ ಇದು ಬರುತ್ತದೆ. ಸಾಲದಲ್ಲಿ ಮುಳುಗಿದ ಮುದುಕನೊಬ್ಬ ಲೆಕ್ಕ ನೋಡಲು ದೀಪ ತರಿಸುತ್ತಾನೆ. ದೀಪದಲ್ಲಿ ಎಣ್ಣೆ ಇಲ್ಲ. 'ಕುಡುಕ ದೀಪ' ಹಚ್ಚಿದ್ದು ಯಾಕೆ, ದಪ್ಪ ಬತ್ತಿ ಹಾಕಿದ್ದು ಯಾಕೆ ಎಂದು ಆಳಿನ ಮೇಲೆ ಕೂಗಾಡುತ್ತಾನೆ. ನನ್ನ ಅಜ್ಜಿಯೂ ದಪ್ಪ ಬತ್ತಿ ಹೊಸೆದರೆ ಬಿಡುತ್ತಿರಲಿಲ್ಲ. ಬಿಚ್ಚಿಸಿ ಮತ್ತೆ ಹೊಸೆಯಿಸುತ್ತಿದ್ದರು. ನಮ್ಮ ಹಣತೆ ದೇವರ ಮುಂದೆ, ತುಳಸಿಕಟ್ಟೆಯಲ್ಲಿ, ಇಟ್ಟಲ್ಲೇ ಉರಿಯುತ್ತದೆ. ಅದಕ್ಕೆ ತೆರೆದ ಬಾಯಿ ಸಾಕು. ಗ್ರೀಕರ ದೀಪ ಕೈಯಲ್ಲಿ ಹಿಡಿದು ಮಹಡಿ ಹತ್ತಬೇಕಿತ್ತು, ಕೊಟ್ಟಿಗೆಗೆ ಹೋಗಬೇಕಿತ್ತು.

ಇನ್ನೊಂದು ಮಾತು ಹೇಳಲೇಬೇಕು. ಅಥೆನ್ಸಿನ ಹಳೆಯ ಪೇಟೆಯಲ್ಲಿ, ಅಂದರೆ ಅಗೋರಾದಲ್ಲಿ, 1931ರಿಂದ ಉತ್ಖನನ ನಡೆದಿದೆ. ಅಲ್ಲಿ ಸಿಕ್ಕಿದ ಗ್ರೀಕ್ ದೀಪಗಳನ್ನು ರಿಚರ್ಡ್ ಹೌಲ್ಯಾಂಡ್ ಎಂಬ ವಿದ್ವಾಂಸರು ಆಕಾರದ ಮೇಲೆ ವಿಂಗಡಿಸಿ 1958ರಲ್ಲಿ ಪ್ರಕಟಿಸಿದರು. ಹಣತೆಯ ಬಾಯಿ ಎಷ್ಟು ಕ್ರಮವಾಗಿ ಮುಚ್ಚುತ್ತ ಹೋಗಿದೆ ಎಂದರೆ, ಹಳೆ ಬಾವಿಯ ಕೆಸರಿನಲ್ಲಿ ಒಂದು ಒಡೆದ ದೀಪ ಸಿಕ್ಕರೆ ಸಾಕು, ಆ ಕೆಸರು ಯಾವ ಕಾಲದ್ದೆಂದು ಅವರು ಅಂದಾಜು ಮಾಡುತ್ತಾರೆ. ರಾಜರ ನಾಣ್ಯ ಮಾಡುವ ಕೆಲಸವನ್ನು ಬಡವರ ದೀಪ ಮಾಡುತ್ತದೆ!

ಪ್ರಶ್ನೆ: ಬೆಂಕಿಪೆಟ್ಟಿಗೆ ಇಲ್ಲದ ಕಾಲದಲ್ಲಿ ದೀಪ ಆರಿದರೆ ಏನು ಮಾಡುತ್ತಿದ್ದರು? – ಓದುಗರು, ಪೆರ್ಲ

ಪಕ್ಕದ ಮನೆಗೆ ಹೋಗುತ್ತಿದ್ದರು. ನಮ್ಮಲ್ಲಿ ಗೆರಟೆಯಲ್ಲಿ ಕೆಂಡ ತರುತ್ತಿದ್ದ ಹಾಗೆ. ಕ್ರಿ.ಪೂ. 400ರ ಸುಮಾರಿನ ಒಂದು ಕೊಲೆ ಮೊಕದ್ದಮೆಯಲ್ಲಿ ಇದರ ಸಾಕ್ಷಿ ಇದೆ. ಯೂಫಿಲೀಟಸ್ ಎಂಬ ಅಥೆನ್ಸಿನವನಿಗಾಗಿ ಲೈಸಿಯಸ್ ಎಂಬ ಭಾಷಣಕಾರ ಬರೆದುಕೊಟ್ಟ ವಾದ ಅದು. ಯೂಫಿಲೀಟಸನ ಮಾತು ಹೀಗಿದೆ: ರಾತ್ರಿ ಬಾಗಿಲು ಕಿರುಗುಟ್ಟಿದ್ದು ಯಾಕೆ ಎಂದು ಹೆಂಡತಿಯನ್ನು ಕೇಳಿದೆ. ಮಗುವಿನ ಹತ್ತಿರದ ದೀಪ ಆರಿತ್ತು, ನೆರೆಮನೆಗೆ ಹೋಗಿ ಹಚ್ಚಿಕೊಂಡು ಬಂದೆ ಎಂದಳು. ನಾನು ನಂಬಿ ಸುಮ್ಮನಾದೆ ಎಂದು ಅವನು ನ್ಯಾಯಾಲಯದಲ್ಲಿ ಹೇಳುತ್ತಾನೆ. ಅವಳು ಹೇಳಿದ್ದು ಸುಳ್ಳಾಗಿತ್ತು. ಆದರೆ ಗಂಡ ನಂಬಿದನಲ್ಲ, ಅಂದರೆ ಅದು ದಿನನಿತ್ಯ ನಡೆಯುವ ಕೆಲಸವೇ ಆಗಿರಬೇಕು.

ಪ್ರಶ್ನೆ: ಅವರು ತೆಂಗಿನೆಣ್ಣೆ ಬಳಸಿದ್ದುಂಟೇ? ಬತ್ತಿ ಯಾವುದರದ್ದು? – ಗೃಹಿಣಿ, ಕುಂಬಳೆ

ಗ್ರೀಸಿನಲ್ಲಿ ತೆಂಗು ಬೆಳೆಯುವುದಿಲ್ಲ. ಬೆಳೆದಿದ್ದರೂ ಅಲ್ಲಿನ ಚಳಿಗಾಲದಲ್ಲಿ ಕಷ್ಟವೇ. ನಮ್ಮಲ್ಲೇ ಧನುರ್ಮಾಸದ ಬೆಳಗಿನ ಪೂಜೆಗೆ ಬಾಟಲಿಯಿಂದ ಎಣ್ಣೆ ಇಳಿಯುವುದಿಲ್ಲ, ನಿಮಗೆ ಗೊತ್ತೇ ಇದೆ. ಅವರದು ಆಲಿವ್. ಈಜಿಪ್ಟಿನವರು ಹರಳೆಣ್ಣೆ ಉರಿಸುತ್ತಾರೆ, ದೀಪಕ್ಕೆ ಅದು ಆಲಿವ್ ಎಣ್ಣೆಯಷ್ಟೇ ಒಳ್ಳೆಯದು, ಆದರೆ ವಾಸನೆ ಜಾಸ್ತಿ ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಈಜಿಪ್ಟಿನ ಒಂದು ದೀಪದ ಹಬ್ಬದ ಬಗ್ಗೆಯೂ ಹೇಳುತ್ತಾನೆ. ಮನೆಯ ಸುತ್ತ ಬಯಲಲ್ಲಿ ಚಪ್ಪಟೆ ಬಟ್ಟಲುಗಳನ್ನಿಟ್ಟು, ಅದರಲ್ಲಿ ಉಪ್ಪು ಮತ್ತು ಎಣ್ಣೆ ತುಂಬಿ, ಮೇಲೆ ಬತ್ತಿ ತೇಲಿಬಿಟ್ಟು ರಾತ್ರಿಯಿಡೀ ಉರಿಸುತ್ತಿದ್ದರಂತೆ. ದೀಪಕ್ಕೆ ಚಿಟಿಕೆ ಉಪ್ಪು ಹಾಕುವವರು ನಮ್ಮಲ್ಲೂ ಇದ್ದಾರೆ, ಅಲ್ವಾ?

ಬತ್ತಿ ಅಗಸೆನಾರಿನದು, ಇಲ್ಲವೇ ಒಂದು ಬಗೆಯ ಗಿಡದ ಮೃದುವಾದ ಎಲೆಯದು. ಹತ್ತಿ ಅವರಿಗೆ ದೂರದ ವಿಷಯ. ಭಾರತದಲ್ಲಿ ಮರಗಳು ಉಣ್ಣೆ ಬಿಡುತ್ತವೆ, ಅದು ಕುರಿಯ ಉಣ್ಣೆಗಿಂತ ಚೆಂದ ಎಂದು ಅದೇ ಹೆರೊಡೋಟಸ್ ಬರೆದ. ನೀವು ಜಗಲಿಯಲ್ಲಿ ಕೂತು ತೊಡೆಯ ಮೇಲೆ ಹೊಸೆಯುವ ಬತ್ತಿ ಅವನಿಗೆ ಅಚ್ಚರಿಯ ವಸ್ತು.

ಸುಡದ ಬತ್ತಿಯ ಕಥೆಯೂ ಒಂದಿದೆ. ಅಥೆನ್ಸಿನ ಕೋಟೆಯ ಮೇಲಿನ ದೇವಾಲಯದಲ್ಲಿ ಕಲ್ಲಿಮಾಕಸ್ ಎಂಬ ಶಿಲ್ಪಿ ಮಾಡಿದ ಚಿನ್ನದ ನಂದಾದೀಪ ಇತ್ತು. ಹಗಲೂ ರಾತ್ರಿಯೂ ಉರಿದರೂ ವರ್ಷಕ್ಕೆ ಒಮ್ಮೆ ಎಣ್ಣೆ ತುಂಬಿದರೆ ಸಾಕಿತ್ತು ಎಂದು ಕ್ರಿ.ಶ. 2ನೇ ಶತಮಾನದ ಯಾತ್ರಿಕ ಪೌಸೇನಿಯಸ್ ಹೇಳುತ್ತಾನೆ. ಅದರ ಬತ್ತಿ ಬೆಂಕಿಯಲ್ಲಿ ಸುಡದ 'ಕಾರ್ಪೇಸಿಯದ ನಾರು'. ನಾವು ಇಂದು ಕಲ್ನಾರು ಎನ್ನುವುದು ಅದನ್ನೇ. ದೀಪದ ಮೇಲೆ ಕಂಚಿನ ತಾಳೆಮರವೊಂದು ಮಾಡಿನವರೆಗೆ ನಿಂತು ಹೊಗೆಯನ್ನು ಎಳೆದುಕೊಳ್ಳುತ್ತಿತ್ತಂತೆ.

ಪ್ರಶ್ನೆ: ಇಷ್ಟೆಲ್ಲ ದೀಪ ಮಾಡಿದವರ ಹೆಸರು ಒಂದಾದರೂ ಉಳಿದಿದೆಯೇ? ಹೆಂಗಸರು ಇದ್ದರೇ? – ಅಧ್ಯಾಪಕಿ, ಮಂಜೇಶ್ವರ

ಉಳಿದಿವೆ. ಆದರೆ ಬಹಳ ತಡವಾಗಿ. ಹಳೆಯ ಕಾಲದ ಕಪ್ಪು ದೀಪಗಳ ತಳ ತಿರುಗಿಸಿದರೆ ಹೆಚ್ಚಿನವುಗಳಲ್ಲಿ ಹೆಸರಿಲ್ಲ. ಆಗ ದೀಪದ ವ್ಯಾಪಾರದಿಂದ ಹೆಸರಾದವನು ಹೈಪರ್ಬೋಲಸ್ ಎಂಬ ರಾಜಕಾರಣಿ. ಅದೂ ಕೆಟ್ಟ ಹೆಸರು. ದೀಪ ಮಾರಿ ದುಡ್ಡು ಮಾಡಿದವನು ಸಭೆಯಲ್ಲಿ ಮಾತಾಡುತ್ತಾನೆ ಎಂದು ನಾಟಕಕಾರರು ಅವನನ್ನು ಹಂಗಿಸುತ್ತಲೇ ಇದ್ದರು. ಅವನು ಊರಿನಿಂದ ಹೊರಗೆ ಹಾಕಲ್ಪಟ್ಟು, ಕ್ರಿ.ಪೂ. 411ರಲ್ಲಿ ಸಾಮೋಸ್ ದ್ವೀಪದಲ್ಲಿ ಕೊಲೆಯಾದ. ಅವನ ರಾಜಕೀಯ ಹೇಗೇ ಇರಲಿ, ಕಸುಬನ್ನು ಹಿಡಿದು ಮನುಷ್ಯನನ್ನು ಹೀಯಾಳಿಸಿದ್ದು ನನಗೆ ಇವತ್ತಿಗೂ ನೋವು ಕೊಡುತ್ತದೆ.

ರೋಮನ್ ಆಳ್ವಿಕೆಯ ಕಾಲಕ್ಕೆ ಗ್ರೀಸಿನ ದೀಪಗಳ ತಳದಲ್ಲಿ ಸಾಲುಸಾಲಾಗಿ ಹೆಸರು ಬರುತ್ತವೆ. ಅಥೆನ್ಸಿನಲ್ಲಿ ಎಲ್ಪಿಡೆಫೋರಸ್, ಯೂಟಿಕೆಸ್, ಲಿಯೋಂಟಿಯಸ್, ಪ್ರೈಮಸ್. ಮುಂದೆ ಎರಡು ಹೆಸರು ಕಾಣುತ್ತವೆ: ಸೊಟೀರಿಯಾ ಮತ್ತು ಖಿಯೋನೆ. ಎರಡೂ ಹೆಣ್ಣಿನ ಹೆಸರು. ದೀಪದ ತಳದಲ್ಲಿ 'ಖಿಯೋನೆಯದು' ಎಂದೇ ಬರೆದಿದೆ. ಖಿಯೋನ್ ಎಂದರೆ ಹಿಮ. ಅಥೆನ್ಸಿನ ಪೇಟೆಯಲ್ಲಿ ಗಿರಾಕಿ ದೀಪ ತಿರುಗಿಸಿ, ಆ ಹೆಸರು ನೋಡಿ ದುಡ್ಡು ಕೊಡುತ್ತಿದ್ದ ಎಂದು ಯೋಚಿಸಿ. ನಮ್ಮ ಕಡೆ ಕುಂಬಾರರ ಮನೆಯಲ್ಲಿ ಮಣ್ಣು ತುಳಿಯುವುದು, ಮಡಕೆ ತಟ್ಟುವುದು, ಬುಟ್ಟಿಯಲ್ಲಿ ಹೊತ್ತು ಮನೆಮನೆಗೆ ಮಾರುವುದು ಎಲ್ಲದರಲ್ಲೂ ಹೆಂಗಸರ ಕೈ ಇತ್ತು. ಮಡಕೆಯ ಮೇಲೆ ಅವರ ಹೆಸರು ಮಾತ್ರ ಬರಲಿಲ್ಲ.

ಪ್ರಶ್ನೆ: ಲಕ್ಷದೀಪದಂಥ ಸೇವೆ ಅಲ್ಲಿ ಇತ್ತೇ? – ಓದುಗರು, ಮಧೂರು

ದೇವರಿಗೆ ದೀಪ ಒಪ್ಪಿಸುವುದು ಇತ್ತು. ಈಗ ಟರ್ಕಿಯಲ್ಲಿರುವ ಕ್ನಿಡೋಸ್ ಎಂಬ ಗ್ರೀಕ್ ಊರಿನಲ್ಲಿ ಚಾರ್ಲ್ಸ್ ನ್ಯೂಟನ್ 1858ರ ಸುಮಾರಿಗೆ ಧಾನ್ಯದೇವತೆ ಡಿಮೀಟರಳ ಗುಡಿಯ ಜಾಗ ಅಗೆದಾಗ ರಾಶಿ ರಾಶಿ ದೀಪ ಸಿಕ್ಕವು. ಕಾರಿಂತ್ ಊರಿನ ಒಂದು ನೆಲದಡಿಯ ಬುಗ್ಗೆಯಲ್ಲಿ ಸುಮಾರು 4,000 ದೀಪ ಸಿಕ್ಕಿವೆ. ಅವು ಕ್ರಿ.ಶ. 5–6ನೇ ಶತಮಾನದವು. ಆ ಜಾಗಕ್ಕೆ ಈಗ 'ದೀಪಗಳ ಬುಗ್ಗೆ' ಎಂದೇ ಹೆಸರು.

ಪ್ರಶ್ನೆ: ನಮ್ಮದು ತಿಗರಿಯ ಕಸುಬು. ಈಗ ಲಾರಿಯಲ್ಲಿ ಅಚ್ಚಿನ ಹಣತೆ ಬರುತ್ತದೆ, ಹೂವಿನ ಚಿತ್ತಾರ, ಬಣ್ಣ, ಪ್ಯಾಕೆಟ್. ನಮ್ಮದನ್ನು ಕೇಳುವವರಿಲ್ಲ. ನೀವು ಬರೆದ ಆ ಗ್ರೀಕ್ ಕುಂಬಾರರಿಗೂ ಹೀಗೆ ಆಗಿತ್ತಾ? – ಕುಂಬಾರರೊಬ್ಬರು, ಪೈವಳಿಕೆ

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಹೌದು, ಆಗಿತ್ತು.

ಕ್ರಿ.ಪೂ. 3ನೇ ಶತಮಾನದಲ್ಲಿ ಗ್ರೀಕರ ಊರುಗಳಿಗೆ ಅಚ್ಚಿನ ದೀಪ ಬಂತು. ಮೊದಲು ಒಬ್ಬ ಒಳ್ಳೆಯ ಕೈಯವನು ಒಂದು ದೀಪವನ್ನು ಗಟ್ಟಿಯಾಗಿ ಕೆತ್ತುತ್ತಾನೆ. ಅದರ ಮೇಲರ್ಧಕ್ಕೆ ಒಂದು, ಕೆಳಗಿನ ಅರ್ಧಕ್ಕೆ ಒಂದು ಅಚ್ಚು ತೆಗೆಯುತ್ತಾರೆ, ಮಣ್ಣಿನಲ್ಲೋ ಪ್ಲಾಸ್ಟರಿನಲ್ಲೋ. ಎರಡರಲ್ಲೂ ಹಸಿಮಣ್ಣು ಒತ್ತಿ, ಜೋಡಿಸಿ, ಸಂದು ನೇವರಿಸಿ, ತೂತು ಕೊರೆದರೆ ದೀಪ ಆಯಿತು. ತಿಗರಿ ಬೇಡ. ತಿಗರಿಯಲ್ಲಿ ಆಗದ ಹೂವು, ಎಲೆ, ಮುಖ ಎಲ್ಲ ಸುಲಭವಾಗಿ ಬರುತ್ತದೆ. ಕ್ನಿಡೋಸಿನವರು ಪಕ್ಕಕ್ಕೆ ಎಲೆಯ ಆಕಾರದ ಹಿಡಿಕೆ ಇಟ್ಟ ಬೂದು ಬಣ್ಣದ ದೀಪ ಮಾಡಿದರು. ಎಫೆಸಸ್ ಊರಿನ ಹೆಸರು ಹೊತ್ತ ಇನ್ನೊಂದು ಬಗೆಯ ಬೂದು ದೀಪಗಳೂ ಹಡಗು ಹತ್ತಿ ಊರೂರು ತಿರುಗಿದವು.

ಆದರೆ ಅಚ್ಚಿಗೆ ಒಂದು ಕಾಯಿಲೆ ಇದೆ. ನಿಮಗೆ ಇದು ನನಗಿಂತ ಚೆನ್ನಾಗಿ ಗೊತ್ತಿರುತ್ತದೆ. ಮಣ್ಣು ಒಣಗುವಾಗ, ಸುಡುವಾಗ ಕುಗ್ಗುತ್ತದೆ. ಬೇರೆ ಊರಿನ ದೀಪ ಚೆನ್ನಾಗಿ ಹೋಗುತ್ತಿದೆ ಎಂದು ಒಬ್ಬ ಪೇಟೆಯಿಂದ ಒಂದು ದೀಪ ಕೊಂಡು ಅದರಿಂದಲೇ ಅಚ್ಚು ತೆಗೆಯುತ್ತಾನೆ ಎನ್ನಿ. ಹತ್ತರಲ್ಲೊಂದು ಪಾಲು ಕುಗ್ಗಿತು ಎಂದಿಟ್ಟುಕೊಳ್ಳಿ. 10 ಸೆಂಟಿಮೀಟರಿನ ದೀಪದ ಮಗ 9, ಮೊಮ್ಮಗ 8ಕ್ಕಿಂತ ಒಂದು ಕೂದಲು ಜಾಸ್ತಿ. ಚಿತ್ತಾರವೂ ಸವೆಯುತ್ತ ಹೋಗುತ್ತದೆ. ಹೂವಿನ ಎಸಳು ಮೊದಲು ಮೊಂಡಾಗುತ್ತದೆ, ಆಮೇಲೆ ಗುಳ್ಳೆಯಾಗುತ್ತದೆ. ತಳದ ಹೆಸರು ಓದಲು ಬರದಂತಾಗುತ್ತದೆ. ಪ್ಲಾಸ್ಟರ್ ಅಚ್ಚಿನಲ್ಲಿ ಗಾಳಿಗುಳ್ಳೆ ಒಡೆದ ಕಡೆಯೆಲ್ಲ ದೀಪದ ಮೈಯಲ್ಲಿ ಸಾಸಿವೆ ಕಾಳಿನಂಥ ಬೊಕ್ಕೆ ಏಳುತ್ತದೆ. ಇಂಥ ಗುರುತುಗಳಿಂದಲೇ ಯಾವ ದೀಪ ತಾಯಿ, ಯಾವುದು ಮೊಮ್ಮಗ ಎಂದು ಇಂದಿನ ವಿದ್ವಾಂಸರು ಹೇಳುತ್ತಾರೆ. ಕ್ರಿ.ಶ. 3ನೇ ಶತಮಾನದ ಅಥೆನ್ಸಿನವರು ಕಾರಿಂತ್‌ನ ದೀಪಗಳಿಂದ ಹೀಗೆ ಅಚ್ಚು ತೆಗೆದರು. ಮುಂದೆ ಅಥೆನ್ಸಿನ ದೀಪಕ್ಕೇ ಬೇಡಿಕೆ ಬಂದಾಗ ಕಾರಿಂತ್‌ನವರು ಅಥೆನ್ಸಿನದನ್ನು ನಕಲು ಮಾಡಿದರು.

ನಿಮಗೆ ಬೇಕಾದ ಮಾತು ಇದು: ಅಚ್ಚು ಬಂದ ಕೂಡಲೇ ತಿಗರಿ ನಿಲ್ಲಲಿಲ್ಲ. ಅಥೆನ್ಸಿನಲ್ಲಿ ಅಚ್ಚಿನ ದೀಪ, ತಿಗರಿಯ ದೀಪ ಎರಡೂ ಇನ್ನೂರು ವರ್ಷಕ್ಕೂ ಜಾಸ್ತಿ ಕಾಲ ಒಟ್ಟೊಟ್ಟಿಗೆ ನಡೆದವು. ಚಿತ್ತಾರ ಬೇಕಾದವರು ಅಚ್ಚಿನದನ್ನು ಕೊಂಡರು. ದಿನದ ಬೆಳಕಿಗೆ ಸರಳವಾದ, ಗಟ್ಟಿಯಾದ ದೀಪ ಬೇಕಾದವರು ತಿಗರಿಯದನ್ನು ಕೊಂಡರು. ಇಷ್ಟರಿಂದ ನಿಮ್ಮ ಮನೆಯ ಒಲೆ ಉರಿಯುವುದಿಲ್ಲ ಎಂದು ನನಗೆ ಗೊತ್ತು. ಹಬ್ಬದ ದಿನ ನೂರು ರೂಪಾಯಿಯ ಪ್ಯಾಕೆಟ್ ಹಿಡಿದವರು ನಿಮ್ಮ ಬುಟ್ಟಿಯ ಮುಂದೆ ಎರಡು ರೂಪಾಯಿಗೆ ಚೌಕಾಸಿ ಮಾಡುವುದನ್ನು ನಾನೇ ನೋಡಿದ್ದೇನೆ. ಹೊಟ್ಟೆ ಉರಿಯುತ್ತದೆ.

ಮಗಳ ಮನೆಗೆಂದು ಲಂಡನ್ನಿಗೆ ಹೋದಾಗ ಬ್ರಿಟಿಷ್ ಮ್ಯೂಸಿಯಂನಲ್ಲಿ ಗ್ರೀಕ್ ದೀಪಗಳ ಗಾಜಿನ ಪೆಟ್ಟಿಗೆಯ ಮುಂದೆ ಅರ್ಧ ಗಂಟೆ ನಿಂತಿದ್ದೆ. ಒಂದು ತಿಗರಿಯ ದೀಪ ಇತ್ತು. ಬತ್ತಿಯ ಮೂತಿ ಒಂದಿಷ್ಟು ವಾಲಿತ್ತು. ಅಂಟಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿದ ತಗ್ಗು. ನೀರ್ಚಾಲಿನ ಆ ಕುಂಬಾರರ ಮನೆಯಲ್ಲಿ ಹಣತೆಯ ಅಂಚು ಚಿವುಟುವಾಗ ಬೀಳುತ್ತಿದ್ದ ತಗ್ಗೂ ಅಷ್ಟೇ ಇತ್ತು.

ಮುಂದಿನ ತುಡರ ಪರ್ಬಕ್ಕೆ, ಅಂದರೆ ದೀಪಾವಳಿಗೆ, ನನಗೆ 40 ಹಣತೆ ಬೇಕು. ಅದರಲ್ಲಿ ಹತ್ತಕ್ಕೆ, ಮೇಲೆ ಬದಿಯಡ್ಕದವರಿಗೆ ಹೇಳಿದ ಹಾಗೆ, ತಿಳಿಮಣ್ಣು ಬಸಿದು ಒಳಗೆ ಬಳಿದು ನೋಡುತ್ತೀರಾ? ಒಪ್ಪಿಗೆ ಇದ್ದರೆ ಪತ್ರಿಕೆಯ ವಿಳಾಸಕ್ಕೇ ಒಂದು ಸಾಲು ಬರೆಯಿರಿ. ಆವಿಗೆ ಹಚ್ಚುವ ದಿನ ನಾನು ಪೈವಳಿಕೆಗೆ ಬರುತ್ತೇನೆ.